ಹ್ಯಾಂಡ್‌ಬ್ಯಾಗ್ ಮೂಲೆ ಸವೆದಿದೆ, ಮನೆಯಲ್ಲೇ ಪೇಂಟ್ ಮಾಡಬಹುದಾ?

ಹಳೇಬ್ಯಾಗು: ಕಂದು ಬಣ್ಣದ ಬ್ಯಾಗ್. ನಾಲ್ಕೂ ಮೂಲೆ ಉಜ್ಜಿ ಉಜ್ಜಿ ಬೆಳ್ಳಗಾಗಿವೆ, ಹಿಡಿಕೆಯ ಅಂಚಿನ ಬಣ್ಣ ಚೂರುಚೂರಾಗಿ ಉದುರುತ್ತಿದೆ. ಜಿಪ್, ಹೊಲಿಗೆ ಎಲ್ಲ ಗಟ್ಟಿಯಾಗಿರುವುದರಿಂದ ಬಿಸಾಕಲು ಮನಸ್ಸಿಲ್ಲ. ಚಿತ್ರ ಬಿಡಿಸುವ ಅಕ್ರಿಲಿಕ್ ಬಣ್ಣ ಮನೆಯಲ್ಲೇ ಇದೆ. ಅದು ನಿಲ್ಲುತ್ತದಾ? ಬೆಲ್ಟಿನ ಬಕಲ್‌ನ ಚಿನ್ನದ ಬಣ್ಣವೂ ಹೋಗಿದೆ, ಅದಕ್ಕೇನಾದರೂ ದಾರಿ ಇದೆಯಾ?

ಸೂಜಿದಾರ: ಮೊದಲು ಅದು ಚರ್ಮವೋ ರೆಕ್ಸಿನ್ನೋ ನೋಡಿ. ಒಳಗಡೆ ಎಲ್ಲಾದರೂ ಕತ್ತರಿಸಿದ ಅಂಚು ಕಂಡರೆ ಸಾಕು. ನಾರುನಾರಾಗಿದ್ದರೆ ಚರ್ಮ, ಕೆಳಗೆ ಬಟ್ಟೆ ಇದ್ದು ಮೇಲೆ ತೆಳು ಪದರ ಇದ್ದರೆ ರೆಕ್ಸಿನ್. ರೆಕ್ಸಿನ್ ಸಿಪ್ಪೆ ಏಳುತ್ತಿದ್ದರೆ ಪೇಂಟ್ ಸುಮ್ನೆ ದಂಡ. ಆ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ತಾನಾಗಿಯೇ ಹಾಳಾಗುತ್ತದೆ, ಬಳಸದೆ ಬೀರುವಿನಲ್ಲಿಟ್ಟರೂ ಅಷ್ಟೆ. ನೀವು ಹಚ್ಚಿದ ಬಣ್ಣವೂ ಅದರ ಜೊತೆಗೇ ಉದುರುತ್ತದೆ.

ಹಳೇಬ್ಯಾಗು: ನೋಡಿದೆ, ನಾರಿದೆ. ಚರ್ಮವೇ!

ಬಣ್ಣದಡಬ್ಬಿ: ಹಾಗಾದರೆ ಧೈರ್ಯವಾಗಿ ಮಾಡಿ. ಆದರೆ ಚಿತ್ರದ ಅಕ್ರಿಲಿಕ್ ಬೇಡ. ಒಣಗಿದ ಮೇಲೆ ಬಿರುಸಾಗಿ, ಬಗ್ಗುವ ಜಾಗದಲ್ಲಿ ಬಿರುಕು ಬಿಡುತ್ತದೆ. ಚರ್ಮಕ್ಕೆಂದೇ ಮಾಡಿದ ಅಕ್ರಿಲಿಕ್ ಪೇಂಟ್ ಸಿಗುತ್ತದೆ, ಅದು ಚರ್ಮದ ಜೊತೆ ಬಾಗುತ್ತದೆ.

ನಿಜವಾದ ಕೆಲಸ ಇರುವುದು ಬಣ್ಣ ಹಚ್ಚುವುದಕ್ಕಿಂತ ಮುಂಚೆ. ಕಾರ್ಖಾನೆಯಲ್ಲಿ ಹಾಕಿದ ಹೊಳಪಿನ ಪದರ, ಮೇಲೆ ಕೂತ ಪಾಲಿಶ್, ಕೈಯ ಜಿಡ್ಡು ಇವೆಲ್ಲ ಹೋಗದಿದ್ದರೆ ಎಂಥ ದುಬಾರಿ ಪೇಂಟ್ ಆದರೂ ಉಗುರಿಗೇ ಕಿತ್ತು ಬರುತ್ತದೆ. ಹತ್ತಿಗೆ ಸ್ವಲ್ಪ ಅಸಿಟೋನ್ (ಬಣ್ಣ, ಜಿಡ್ಡು ಕರಗಿಸುವ ದ್ರವ) ಹಾಕಿ ಮೂಲೆಯನ್ನು ಹಗುರವಾಗಿ ಒರೆಸಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ರೆಕ್ಸಿನ್, ಪ್ಲಾಸ್ಟಿಕ್ಕಿಗೆ ಮಾತ್ರ ಅಸಿಟೋನ್ ಮುಟ್ಟಿಸಬೇಡಿ, ಕರಗಿಹೋಗುತ್ತದೆ.

ಆಮೇಲೆ ಒಳಗೆ ಪೇಪರ್ ತುರುಕಿ ಮೂಲೆ ಬಿಗಿ ಮಾಡಿಕೊಂಡು, ತೀರಾ ತೆಳುವಾಗಿ ಮೂರು ನಾಲ್ಕು ಕೋಟ್ ಹಚ್ಚಿ, ಪ್ರತಿ ಸಲ ಪೂರ್ತಿ ಒಣಗಲು ಬಿಟ್ಟು. ಮೊದಲ ಕೋಟ್ ನೋಡಿದರೆ ಅಳು ಬರುತ್ತದೆ, ಹೆದರಬೇಡಿ. ಒದ್ದೆಯಿದ್ದಾಗ ತಿಳಿಯಾಗಿ ಕಂಡ ಬಣ್ಣ ಒಣಗಿದ ಮೇಲೆ ಗಾಢವಾಗುತ್ತದೆ, ಅದಕ್ಕೇ ಮೊದಲು ಬ್ಯಾಗಿನ ಅಡಿಯಲ್ಲಿ ಒಂದು ಚುಕ್ಕೆ ಇಟ್ಟು ನೋಡಿ. ಕೊನೆಗೆ ಬಣ್ಣದ ರಕ್ಷಣೆಗೆ ಮೇಲೆ ಹಚ್ಚುವ ಚರ್ಮದ ಫಿನಿಶರ್ ಒಂದು ಕೋಟ್. ಮ್ಯಾಟ್ ತಗೊಳ್ಳಿ, ಜಾಸ್ತಿ ಹೊಳೆದರೆ ತೇಪೆ ಹಾಕಿದ್ದು ಎದ್ದು ಕಾಣುತ್ತದೆ.

ಹಿಡಿಕೆಯ ಅಂಚಿಗೆ ಎಡ್ಜ್ ಪೇಂಟ್ ಅಂತಲೇ ಬೇರೆ ಇದೆ. ಹಳೆಯದನ್ನು ಪೂರ್ತಿ ಕೆರೆದು, 400 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಟೂತ್‌ಪಿಕ್‌ನಲ್ಲಿ ಹಚ್ಚಿ.

ಗುಂಡಿಬಕಲ್: ಇಷ್ಟೆಲ್ಲ ಯಾಕೆ, ಶೂ ಪಾಲಿಶ್ ಸಾಕಲ್ವಾ?

ಬಣ್ಣದಡಬ್ಬಿ: ಶೂಗೆ ಸರಿ. ಬ್ಯಾಗ್ ಬಟ್ಟೆಗೆ ತಾಗುತ್ತಲೇ ಇರುತ್ತದಲ್ಲ, ತಿಳಿ ಬಣ್ಣದ ಡ್ರೆಸ್ ಹಾಕಿದ ದಿನ ಗೊತ್ತಾಗುತ್ತದೆ 😄

ಸೂಜಿದಾರ: ಬಕಲ್ ವಿಷಯ. ಡಬ್ಬಿಯಲ್ಲಿ ಬರುವ ಚಿನ್ನದ ಬಣ್ಣ ಯಾವತ್ತೂ ಗಿಲೀಟಿನ ಹಾಗೆ ಕಾಣುವುದಿಲ್ಲ, ನಾಟಕದ ಕಿರೀಟವೇ. ಉಪ್ಪುಕಾಗದದಲ್ಲಿ ಉಜ್ಜಿ, ಮೆಟಲ್ ಪ್ರೈಮರ್ ಹಾಕಿ, ಕಪ್ಪು ಎನಾಮಲ್ ಹೊಡೆದುಬಿಡಿ. ಬಕಲ್‌ನ ಮುಳ್ಳು (ಬೆಲ್ಟಿನ ತೂತಿಗೆ ಸಿಕ್ಕಿಸುವ ಕಡ್ಡಿ) ತಾಗುವ ಜಾಗ ಮತ್ತೆ ಸವೆಯುತ್ತದೆ, ಅದಕ್ಕೆ ಉಪಾಯ ಇಲ್ಲ.

ಹಳೇಬ್ಯಾಗು: ಕಪ್ಪು ಒಳ್ಳೆಯ ಐಡಿಯಾ. ಸ್ವೀಡ್, ಅಂದರೆ ಮಖಮಲ್ಲಿನಂತೆ ನವಿರಾದ ಚರ್ಮದ ಚಪ್ಪಲಿಯೂ ಒಂದು ಜೊತೆ ಇದೆ, ಅದಕ್ಕೂ ಇದೇ ಪೇಂಟಾ?

ಬಣ್ಣದಡಬ್ಬಿ: ಬೇಡ ಬೇಡ, ನವಿರು ಎಳೆಯೆಲ್ಲ ಅಂಟಿ ಹಲಗೆಯಾಗುತ್ತದೆ. ಅದಕ್ಕೆ ಹೀರಿಕೊಳ್ಳುವ ಸ್ವೀಡ್ ಡೈ ಬೇಕು. ಬ್ಯಾಗ್ ಮುಟ್ಟಿದರೆ ಒಣಗಿದಂತೆ ಅನ್ನಿಸಿದರೂ ಒಂದು ವಾರ ಹೆಗಲಿಗೆ ಹಾಕಬೇಡಿ.