ಮಾಲ್ಗುಡಿಯಲ್ಲಿ ಏನೂ ನಡೆಯಲ್ಲ ಅಂದ ಪುಟ್ಟಿಗೆ

ಎಲ್ಲರೂ ಕೇಳಿ, ಇದು ಸ್ವಲ್ಪ ಉದ್ದ ಆಗುತ್ತದೆ. ಕೆಲಸ ಇದ್ದವರು ಆಮೇಲೆ ಕೇಳಿಸಿಕೊಳ್ಳಿ, ಪರವಾಗಿಲ್ಲ.

ಪುಟ್ಟಿ, ನಿನ್ನೆ ನೀನು ಹಾಕಿದ್ದ ಮೆಸೇಜಿಗೆ ಉತ್ತರ ಇದು. ಶಂಕರ್ ನಾಗ್ ನಿರ್ದೇಶನದ ಹಳೇ ಹಿಂದಿ ಸೀರಿಯಲ್ ಮಾಲ್ಗುಡಿ ಡೇಸ್ ಎರಡು ಎಪಿಸೋಡ್ ನೋಡಿದೆ, ಆ ಹುಡುಗ ಸ್ವಾಮಿ ಮುದ್ದಾಗಿದ್ದಾನೆ, ಆದರೆ ಏನೂ ನಡೆಯೋದೇ ಇಲ್ಲ, ಅಪ್ಪ ಶುರುವಿನಿಂದ ಕೊನೆಯವರೆಗೂ ಒಂದೇ ಮುಖ ಇಟ್ಟುಕೊಂಡಿರುತ್ತಾರೆ ಅಂದೆ. ಅದಕ್ಕೆ ಮಾವ ಹೆಬ್ಬೆಟ್ಟು ಬೇರೆ ಒತ್ತಿದ್ದಾರೆ! ಮಾವ, ನಿಮ್ಮನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಮೊದಲು ಆ ಅಪ್ಪನ ವಿಷಯ. ನೀನು ನೋಡಿದ್ದು ಸ್ವಾಮಿ ಕಳ್ಳನನ್ನು ಹಿಡಿಯುವ ಕಥೆ ಅಲ್ವಾ? ಹುಲಿಯ ಜೊತೆ ಹೋರಾಡಿದ ಹುಡುಗನ ಸುದ್ದಿ ಪೇಪರಿನಲ್ಲಿ ಬರುತ್ತದೆ. ಧೈರ್ಯ ಇದ್ದರೆ ಸಾಕು, ವಯಸ್ಸು ಮುಖ್ಯ ಅಲ್ಲ ಅಂತ ಅಪ್ಪ ವಾದ ಮಾಡುತ್ತಾರೆ. ಹಾಗಾದರೆ ಇವತ್ತು ನೀನು ಅಜ್ಜಿಯ ಪಕ್ಕ ಬಿಟ್ಟು ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅಂತ ಮಗನನ್ನು ಸಿಕ್ಕಿಸಿಬಿಡುತ್ತಾರೆ. ಆ ಅಪ್ಪನ ಪಾತ್ರ ಮಾಡಿದ್ದು ಗಿರೀಶ್ ಕಾರ್ನಾಡ್. ಅವರು ಅಲ್ಲಿ ರೇಗಾಡಿದ್ದರೆ ಏನಾಗುತ್ತಿತ್ತು ಹೇಳು? ಹುಡುಗನ ಮೇಲೆ ನಮಗೆ ಸುಮ್ನೆ ಅಯ್ಯೋ ಪಾಪ ಅನ್ನಿಸುತ್ತಿತ್ತು, ಅಪ್ಪ ವಿಲನ್ ಆಗುತ್ತಿದ್ದರು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಾಗೆ ಮಾಡಲ್ಲ. ತಾನು ಹೇಳುತ್ತಿರುವುದು ನೂರಕ್ಕೆ ನೂರು ಸರಿ ಅನ್ನುವ ನಂಬಿಕೆಯಲ್ಲಿ ಮಾತಾಡುತ್ತಾರೆ. ಮಕ್ಕಳ ಎದುರು ಸೋಲು ಒಪ್ಪಿಕೊಳ್ಳದ ಅಪ್ಪಂದಿರು ಹೀಗೇ ಇರುತ್ತಾರೆ. ಈ ಗ್ರೂಪಿನಲ್ಲೇ ಇಬ್ಬರು ಮೂವರು ಇದ್ದಾರೆ, ಹೆಸರು ಬೇಡ. ನೀನು ಒಂದೇ ಮುಖ ಅಂದೆಯಲ್ಲ, ಮಗನಿಗೆ ಕಾಣುವುದು ಆ ಒಂದೇ ಮುಖ. ಅದಕ್ಕೇ ನಮಗೂ ಅದನ್ನೇ ತೋರಿಸುತ್ತಾರೆ.

ಇನ್ನು ಸ್ವಾಮಿಯ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥ್. ಮುದ್ದಾಗಿದ್ದಾನೆ ಅಂದು ಬಿಟ್ಟುಬಿಟ್ಟರೆ ಅವನಿಗೆ ಅನ್ಯಾಯ. ಮುದ್ದಾಗಿರುವ ಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಎದುರಿನವರು ಮಾತಾಡುವಾಗ ಕೇಳಿಸಿಕೊಳ್ಳುವ ಮಕ್ಕಳು ಕಡಿಮೆ. ಎಷ್ಟೋ ಮಕ್ಕಳು ತಮ್ಮ ಡೈಲಾಗ್ ಯಾವಾಗ ಬರುತ್ತದೆ ಅಂತ ಕಾಯುತ್ತಿರುವುದು ಕಣ್ಣಲ್ಲೇ ಗೊತ್ತಾಗುತ್ತದೆ. ಇವನು ಹಾಗಲ್ಲ. ಅಪ್ಪ ಮಾತಾಡುತ್ತಿರುವಾಗ ತಪ್ಪಿಸಿಕೊಳ್ಳೋಕೆ ದಾರಿ ಹುಡುಕುತ್ತಿರುತ್ತಾನೆ. ಆಮೇಲೆ 1990ರಲ್ಲಿ ಹಿಂದಿಯ ಅಗ್ನಿಪಥ್‌ನಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯ ಮಾಡಿದ್ದು ಇದೇ ಹುಡುಗ. ಅಲ್ಲಿ ಪೂರ್ತಿ ಸಿಟ್ಟು, ಇಲ್ಲಿ ಪೂರ್ತಿ ಪುಕ್ಕಲು. ಎರಡನ್ನೂ ನೋಡಿ ಹೇಳು.

ಈಗ ನಿನಗೆ ಒಂದು ಕೆಲಸ. ವಿಷ್ಣುವರ್ಧನ್ ಇರುವ ಎಪಿಸೋಡ್ ಹುಡುಕಿ ನೋಡು. ತಿಂಗಳಿಗೆ ನಲವತ್ತೈದು ರೂಪಾಯಿ ಅನ್ನುವ ಕಥೆ. ನೋಡು, ಇದು ಬಂದದ್ದು 1986-87ರ ಕಾಲದಲ್ಲಿ. ಆಗ ಅವರು ದೊಡ್ಡ ಸ್ಟಾರ್. 1972ರಲ್ಲಿ ನಾಗರಹಾವು ಬಂದು ಎಷ್ಟೋ ವರ್ಷ ಆಗಿತ್ತು, ಸಾಹಸಸಿಂಹ ಅಂತ ಜನ ತಲೆ ಮೇಲೆ ಹೊತ್ತುಕೊಂಡಿದ್ದರು. ಅಂಥವರು ಇಲ್ಲಿ ಆಫೀಸಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಇವತ್ತು ಸಂಜೆ ಸಿನಿಮಾಗೆ ಕರೆದುಕೊಂಡು ಹೋಗುತ್ತೇನೆ ಅಂತ ಪುಟ್ಟ ಮಗಳಿಗೆ ಮಾತು ಕೊಟ್ಟಿರುತ್ತಾನೆ. ಮಗು ಒಳ್ಳೆ ಫ್ರಾಕ್ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತದೆ. ಮ್ಯಾನೇಜರ್ ಬಿಡಲ್ಲ. ಇವನಿಗೆ ರೋಸಿಹೋಗಿ ರಾಜೀನಾಮೆ ಪತ್ರ ಬರೆಯುತ್ತಾನೆ. ಅದೇ ಹೊತ್ತಿಗೆ ನಲವತ್ತು ರೂಪಾಯಿ ಸಂಬಳ ನಲವತ್ತೈದು ಆಗುವ ಸುದ್ದಿ ಸಿಗುತ್ತದೆ. ಪತ್ರ ವಾಪಸ್ ಜೇಬಿಗೆ. ಮನೆಗೆ ಬಂದರೆ ಮಗು ನಿದ್ದೆ ಮಾಡಿರುತ್ತದೆ.

ಕಥೆ ಪೂರ್ತಿ ಹೇಳಿಬಿಟ್ಟೆ ಅಂತ ಕೂಗಾಡಬೇಡ. ಇಂಥ ಕಥೆ ಗೊತ್ತಿದ್ದೂ ನೋಡಬಹುದು. ಇಲ್ಲಿ ಒಬ್ಬ ಹೀರೋಗೆ ಏನೇನು ಆಸೆ ಬರಬಹುದು ಯೋಚನೆ ಮಾಡು. ಮ್ಯಾನೇಜರ್ ಎದುರು ಒಂದು ಪಂಚ್ ಡೈಲಾಗ್ ಬೇಡವಾ? ಮೇಜು ಗುದ್ದೋದು ಬೇಡವಾ? ಏನೂ ಇಲ್ಲ. ಐದು ರೂಪಾಯಿಗೆ ಬಗ್ಗಿದ ಮನುಷ್ಯನನ್ನು ಬಗ್ಗಿದಂತೆಯೇ ಮಾಡುತ್ತಾರೆ. ನನ್ನ ಪ್ರಕಾರ ಅಭಿಮಾನಿಗಳು ಶಿಳ್ಳೆ ಹೊಡೆದ ಹತ್ತು ಫೈಟ್ ಸೀನ್‌ಗಳಿಗಿಂತ ಇದು ಕಷ್ಟ. ಆ ಮುಖವನ್ನು ಜನ ಗೆಲ್ಲುವವನ ಮುಖ ಅಂತ ನೋಡಿ ನೋಡಿ ಅಭ್ಯಾಸ ಮಾಡಿಕೊಂಡಿದ್ದರಲ್ಲ, ಅದನ್ನು ಪಕ್ಕಕ್ಕೆ ಇಡೋದು ಅಂದರೆ ಸುಮ್ನೇನಾ? ಅದನ್ನು ಕೇಳಿ ಮಾಡಿಸಿಕೊಂಡ ಶಂಕರ್ ನಾಗ್‌ಗೂ ಧೈರ್ಯ ಬೇಕಿತ್ತು. ಸಂಬಳ ಹೆಚ್ಚಾದದ್ದೇ ಸೋಲು, ನೋಡು. ಬೈಯೋಕೂ ಯಾರೂ ಸಿಗಲ್ಲ.

ಮಾವ, ಈಗ ನಿಮ್ಮ ಪಾಳಿ. ಹಿಂದಿ ಉಚ್ಚಾರಣೆ ವಿಚಿತ್ರ ಅಂದಿರಿ. ನಿಜ, ಒಪ್ಪುತ್ತೇನೆ. ನಮ್ಮ ಎಷ್ಟೋ ಕಲಾವಿದರು ಕನ್ನಡದ ಬಾಯಲ್ಲೇ ಹಿಂದಿ ಆಡಿದ್ದಾರೆ. ಕಿವಿಗೆ ತೊಂದರೆ ಆದರೆ 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದದ್ದು ನೋಡಿ. ನನಗೆ ಮಾತ್ರ ಆ ಹಿಂದಿಯೇ ಇಷ್ಟ. ಶೂಟಿಂಗ್ ನಡೆದ ಆಗುಂಬೆಯ ಮಳೆ, ಆ ಹಳೇ ದೊಡ್ಡಮನೆ, ಅಲ್ಲಿ ಶುದ್ಧ ದೆಹಲಿ ಹಿಂದಿ ಕೇಳಿಸಿದ್ದರೆ ಇನ್ನೂ ವಿಚಿತ್ರ ಆಗುತ್ತಿತ್ತು. ಎಲ್ಲ ಎಪಿಸೋಡ್ ಒಂದೇ ಥರ ಚೆನ್ನಾಗಿವೆ ಅಂತಲೂ ಹೇಳಲ್ಲ. ಕೆಲವು ಕಡೆ ಪುಟ್ಟ ಪಾತ್ರದವರು ನಾಟಕದ ಸ್ಟೇಜಿನಲ್ಲಿ ನಿಂತಂತೆ ಕೂಗಿ ಮಾತಾಡುತ್ತಾರೆ. ಶುರುವಿನಲ್ಲಿ ಬರುವ ಆ ತಾನಾನಾ ಟ್ಯೂನ್ ಬಗ್ಗೆ ಮಾತ್ರ ಯಾರೂ ತಕರಾರು ತೆಗೆಯಬೇಡಿ. ಎಲ್. ವೈದ್ಯನಾಥನ್ ಸಂಗೀತ, ಜೊತೆಗೆ ಆರ್.ಕೆ. ಲಕ್ಷ್ಮಣ್ ಚಿತ್ರಗಳು. ಸ್ಕಿಪ್ ಬಟನ್ ಒತ್ತಿದವರ ಜೊತೆ ನಾನು ಮಾತಾಡಲ್ಲ.

ಪುಟ್ಟಿ, ದಿನಾ ಬರುವ ಸೀರಿಯಲ್ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಒಬ್ಬರು ಒಂದು ಮಾತು ಆಡಿದರೆ ಮನೆಯವರ ಮುಖಗಳನ್ನೆಲ್ಲ ಒಂದು ಸುತ್ತು ತೋರಿಸುತ್ತಾರಲ್ಲ, ಅದು ನನಗೆ ತಡೆಯಲ್ಲ, ಅಷ್ಟೇ. ಯಾರಿಗೆ ಏನನ್ನಿಸಿತು ಅಂತ ನಾವೇ ಊಹಿಸೋಕೆ ಜಾಗ ಬಿಡಲ್ಲ. ಆದರೆ ಅಜ್ಜಿ ನೋಡುತ್ತಿದ್ದ ಪುಟ್ಟಕ್ಕನ ಮಕ್ಕಳು ತಗೋ. ಅಲ್ಲಿ ಮೆಸ್ ನಡೆಸುವ ಪುಟ್ಟಕ್ಕನಾಗಿ ಉಮಾಶ್ರೀ ಇದ್ದರು. ಸುತ್ತಲೂ ಎಷ್ಟೇ ಢಂ ಢಂ ಮ್ಯೂಸಿಕ್ ಇರಲಿ, ಅವರು ಅಡುಗೆಮನೆಯಲ್ಲಿ ನಿಂತರೆ ಅಲ್ಲಿ ನಿಜವಾಗಿ ಕೆಲಸ ಮಾಡುವ ಹೆಂಗಸು ಕಾಣುತ್ತಾಳೆ. ಅಂಥ ಕಲಾವಿದರಿಗೆ ಜಾಗ ಯಾವುದಾದರೇನು.

ಸ್ವಾಮಿಯ ಅಮ್ಮನ ಪಾತ್ರದ ವೈಶಾಲಿ ಕಾಸರವಳ್ಳಿ ಬಗ್ಗೆ ಹೇಳೋಕೆ ಇಲ್ಲಿ ಸಮಯ ಇಲ್ಲ. ಆಮೇಲೆ ಮೂಡಲಮನೆ ಧಾರಾವಾಹಿ ನಿರ್ದೇಶನ ಮಾಡಿದ್ದು ಅವರೇ. ಅದಕ್ಕೆ ಬೇರೆ ಮೆಸೇಜ್ ಹಾಕುತ್ತೇನೆ. ನೀನು ಮೊದಲು ವಿಷ್ಣು ಎಪಿಸೋಡ್ ನೋಡು, ಫೋನ್ ಪಕ್ಕಕ್ಕೆ ಇಟ್ಟು ನೋಡು. ಮಾವ, ನೀವೂ ಅಷ್ಟೇ. ನೋಡಿ ಆದಮೇಲೂ ಬೋರ್ ಅನ್ನಿಸಿದರೆ ಅದೇ ಹೆಬ್ಬೆಟ್ಟು ತಲೆಕೆಳಗೆ ಮಾಡಿ ಕಳಿಸಿ, ನಾನು ಜಗಳಕ್ಕೆ ರೆಡಿ.