ಗೋಬರ್ ಗ್ಯಾಸ್ ಉರಿ ಬರ್ನರ್ ಬಿಟ್ಟು ಮೇಲೇಳುತ್ತದೆ, ಕಣ್ಣೂ ಉರಿ – ಏನು ಮಾಡಲಿ?

ಪೆರ್ಲದ ಕೃಷಿಕ:
ಸಿಲಿಂಡರ್ ಗ್ಯಾಸಿನ ಹಳೆಯ ಒಲೆಗೆ ಜೆಟ್ (ಗ್ಯಾಸ್ ಹೊರಬರುವ ಸಣ್ಣ ತೂತು) ದೊಡ್ಡದು ಮಾಡಿಸಿ ಗೋಬರ್ ಗ್ಯಾಸಿಗೆ ಜೋಡಿಸಿದ್ದೇವೆ. ಬೇಸಗೆಯಲ್ಲಿ ಚೆನ್ನಾಗಿತ್ತು. ಈಗ ಉರಿ ಬರ್ನರಿನಿಂದ ಎದ್ದು ಬುಸುಗುಟ್ಟುತ್ತದೆ, ಒಮ್ಮೊಮ್ಮೆ ಆರಿಯೇ ಹೋಗುತ್ತದೆ. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಅಮ್ಮನಿಗೆ ತಲೆನೋವು, ಕಣ್ಣುರಿ. ಉರಿಯ ಕಾವು ಕಡಿಮೆಯಾದರೆ ವಿಷಗಾಳಿಯೂ ಕಡಿಮೆ ಎನ್ನುತ್ತಾರೆ ನೆರೆಯವರು. ಹೌದಾ?

ಮುಳ್ಳೇರಿಯ ಮೆಕ್ಯಾನಿಕ್:
ಅಣ್ಣ, ಮೊದಲು ಕಿಟಕಿ ತೆರೆದಿಡಿ. ತಲೆನೋವಿಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಕಾರಣ ಇರಬಹುದು, ಅದಕ್ಕೆ ವಾಸನೆಯೇ ಇಲ್ಲ.

ನೆರೆಯವರು ಹೇಳಿದ್ದರಲ್ಲಿ ಅರ್ಧ ನಿಜ. ಒಳ್ಳೆಯ ಗೋಬರ್ ಗ್ಯಾಸಿನಲ್ಲಿ ಮೀಥೇನ್ ಸುಮಾರು 60%, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಅದು ತಾನು ಉರಿಯದೆ ಕಾವನ್ನು ಮಾತ್ರ ಹೀರುತ್ತದೆ. ಶುದ್ಧ ಮೀಥೇನಿನ ಉರಿ ಲೆಕ್ಕದಲ್ಲಿ ಸುಮಾರು 1950 ಡಿಗ್ರಿ ಸೆಲ್ಸಿಯಸ್. ಇಷ್ಟು ಬೆರಕೆಗೆ ಅದು ಸುಮಾರು ನೂರು ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಗಾಳಿಯ ಸಾರಜನಕ ಉರಿಯ ಕಾವಿಗೆ ಆಮ್ಲಜನಕದೊಡನೆ ಸೇರಿ ಆಗುವ ನೈಟ್ರಿಕ್ ಆಕ್ಸೈಡ್ ಎಂಬ ವಿಷಗಾಳಿ ಕಾವಿಗೆ ತುಂಬ ಸೂಕ್ಷ್ಮ, ಹಾಗಾಗಿ ಅದು ಚೆನ್ನಾಗಿಯೇ ತಗ್ಗುತ್ತದೆ. ಆದರೆ ಬೆಂಕಿ ಹರಡುವ ವೇಗವೂ ತಗ್ಗುತ್ತದಲ್ಲ! ಗ್ಯಾಸ್ ಹೊರಬರುವ ವೇಗಕ್ಕೆ ಬೆಂಕಿ ಸಾಟಿಯಾಗದೆ ಮೇಲೇಳುತ್ತದೆ, ಗ್ಯಾಸ್ ಅರೆಬರೆ ಉರಿದು ಮೊನಾಕ್ಸೈಡ್ ಉಳಿಯುತ್ತದೆ. ಅಡುಗೆಮನೆಯಲ್ಲಿ ನಾನು ಹೆದರುವುದು ಇದಕ್ಕೇ.

ಒಲೆಯ ಏರ್ ಶಟರ್ (ಗ್ಯಾಸಿಗೆ ಗಾಳಿ ಬೆರೆಯುವ ಕಿಂಡಿಯ ಮುಚ್ಚಳ) ಅರೆ ಮುಚ್ಚಿ ನೋಡಿ. ಒಂದು ಪಾಲು ಸಿಲಿಂಡರ್ ಗ್ಯಾಸಿಗೆ 25ರಿಂದ 30 ಪಾಲು ಗಾಳಿ ಬೇಕು, ಗೋಬರ್ ಗ್ಯಾಸಿಗೆ ಆರು ಪಾಲೂ ಬೇಡ. ಹಲಸಿನ ಸಿಪ್ಪೆ ಡೋಮಿಗೆ (ಗ್ಯಾಸ್ ಆಗುವ ಗುಂಡಿಗೆ) ಹಾಕುತ್ತಿದ್ದೀರಾ?

ಪೆರ್ಲದ ಕೃಷಿಕ:
ಹೌದು, ದಿನಾ ಬುಟ್ಟಿಗಟ್ಟಲೆ. ಶಟರ್ ಮುಚ್ಚಿದೆ, ಉರಿ ಕೂತಿತು. ಆದರೆ ಕಣ್ಣುರಿ ಇದೆ.

ಮುಳ್ಳೇರಿಯ ಮೆಕ್ಯಾನಿಕ್:
ಸಿಪ್ಪೆ ಹೆಚ್ಚಾದರೆ ಒಳಗೆ ಹುಳಿಯಾಗಿ ಮೀಥೇನ್ ಇಳಿಯುತ್ತದೆ. ಸದ್ಯ ಸಿಪ್ಪೆ ನಿಲ್ಲಿಸಿ ಸೆಗಣಿ-ನೀರು ಸಮ ಮಾಡಿ ಹಾಕಿ. ಕಣ್ಣುರಿ ಹೈಡ್ರೋಜನ್ ಸಲ್ಫೈಡ್ ಉರಿದು ಬರುವ ಗಂಧಕದ ಹೊಗೆಯದ್ದಾಗಿರಬಹುದು. ಪೈಪಿನ ನಡುವೆ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬಿ ಕೂರಿಸಿದರೆ ಅದು ಹೈಡ್ರೋಜನ್ ಸಲ್ಫೈಡನ್ನು ಹಿಡಿದಿಡುತ್ತದೆ. ಚೂರು ಕಪ್ಪಾದಾಗ ಬದಲಿಸಿ, ತೆಗೆದದ್ದನ್ನು ಹುಲ್ಲಿನ ಹತ್ತಿರ ಹಾಕಬೇಡಿ. ಗಾಳಿ ತಾಗಿದರೆ ಬಿಸಿಯೇರಿ ಕಿಡಿ ಹತ್ತುತ್ತದೆ.