ತಂದೆಗೆ ಸ್ಟೆಂಟ್ ಆಗಿದೆ, ಮನೆಮಂದಿಯೆಲ್ಲ ಸಿಂಗಾಪುರಕ್ಕೆ ಹೊರಟಿದ್ದೇವೆ: ಪ್ಯಾಕೇಜಿನ ವಿಮೆ ಸಾಕೇ?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಶಾಲಾ ರಜೆಯಲ್ಲಿ ನನ್ನ ತಂದೆ ತಾಯಿ, ನಾವು ದಂಪತಿ ಮತ್ತು ಇಬ್ಬರು ಮಕ್ಕಳು ಏಳು ದಿನಗಳ ಮಟ್ಟಿಗೆ ಸಿಂಗಾಪುರ, ಮಲೇಷ್ಯಾಗಳಿಗೆ ಹೊರಟಿದ್ದೇವೆ. ಇಷ್ಟು ವರ್ಷ ನಮ್ಮ ಮನೆಯಲ್ಲಿ ರಜೆ ಎಂದರೆ ಮತ್ಸ್ಯಗಂಧಾ ರೈಲು ಹತ್ತಿ ಉಡುಪಿಯ ಊರಮನೆಗೆ ಹೋಗಿಬರುವುದೇ ಆಗಿತ್ತು. ಹಿರಿಯರಿಬ್ಬರೂ ದೇಶದ ಹೊರಗೆ ಕಾಲಿಡುತ್ತಿರುವುದು ಇದೇ ಮೊದಲು. ತಂದೆಯವರಿಗೆ 69 ವರ್ಷ, ಎರಡು ವರ್ಷಗಳ ಹಿಂದೆ ಆಂಜಿಯೋಪ್ಲಾಸ್ಟಿ ಮಾಡಿ ಒಂದು ಸ್ಟೆಂಟ್ ಹಾಕಿದ್ದಾರೆ. ತಾಯಿಗೆ ಸಕ್ಕರೆ ಕಾಯಿಲೆ ಇದೆ. ವಿಮೆ ಪ್ಯಾಕೇಜಿನಲ್ಲೇ ಸೇರಿದೆ, ಚಿಂತೆ ಬೇಡ ಎಂದು ಟ್ರಾವೆಲ್ ಏಜೆಂಟ್ ಹೇಳುತ್ತಾರೆ. ಅಲ್ಲದೆ ಇಡೀ ಕುಟುಂಬಕ್ಕೆ 10 ಲಕ್ಷ ರೂಪಾಯಿಯ ಮೆಡಿಕ್ಲೇಮ್ ಇದೆ. ಇವೆರಡೂ ಇರುವಾಗ ಪ್ರತ್ಯೇಕ ಪ್ರವಾಸ ವಿಮೆ ಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಪುಣೆ, ಕೋಥ್ರೂಡ್)

ನಾನು ಸಾಮಾನ್ಯ ವಿಮೆಯ ಕ್ಲೇಮ್ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಮೆಡಿಕ್ಲೇಮ್ ವಿಷಯ: ವಿದೇಶದ ಚಿಕಿತ್ಸೆಯೂ ಸೇರಿದೆ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ ಅದು ಭಾರತದೊಳಗಿನ ಆಸ್ಪತ್ರೆಗಳಿಗೆ ಮಾತ್ರ ಅನ್ವಯಿಸುತ್ತದೆ. ಸಿಂಗಾಪುರದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದರೂ ಪ್ರವಾಸಿಗರಿಗೆ ಸರ್ಕಾರದ ಸಹಾಯಧನ ಸಿಗುವುದಿಲ್ಲ, ಪೂರ್ತಿ ದರ ತೆರಬೇಕಾಗುತ್ತದೆ.

ಏಜೆಂಟರ ಬಾಯಿಮಾತಿಗೆ ನಿಲ್ಲದೆ ಪಾಲಿಸಿ ಶೆಡ್ಯೂಲ್ ಎಂಬ ಹಾಳೆಯನ್ನು ಕೇಳಿ ಪಡೆಯಿರಿ. ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಡಾಲರ್ ಲೆಕ್ಕದ ವಿಮಾ ಮೊತ್ತ ಎಲ್ಲವೂ ಅದರಲ್ಲಿರುತ್ತವೆ. 50,000 ಡಾಲರ್ ಎಂದು ದೊಡ್ಡ ಅಕ್ಷರದಲ್ಲಿದ್ದರೂ, ಹಿರಿಯರ ವಿಷಯಕ್ಕೆ ಬಂದಾಗ ದಿನದ ಕೊಠಡಿ ಬಾಡಿಗೆಗೆ ಇಷ್ಟು, ಐಸಿಯುಗೆ ಇಷ್ಟು, ಶಸ್ತ್ರಚಿಕಿತ್ಸಕರ ಶುಲ್ಕಕ್ಕೆ ಇಷ್ಟು ಎಂದು ಒಳಗಡೆ ಸಬ್-ಲಿಮಿಟ್ ಹಾಕಿರುವ ಪಾಲಿಸಿಗಳು ಬಹಳ ಇವೆ. ಅಂಥ ಕಡೆ ದೊಡ್ಡ ಅಂಕಿಯನ್ನು ನಂಬಿ ಪ್ರಯೋಜನವಿಲ್ಲ.

ಸ್ಟೆಂಟ್ ವಿಷಯವನ್ನು ಮಾತ್ರ ಖಂಡಿತ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಯನ್ನು ಕೆಲವು ಪಾಲಿಸಿಗಳು ಪೂರ್ತಿ ಹೊರಗಿಡುತ್ತವೆ, ಕೆಲವು ಪ್ರಾಣಾಪಾಯದ ಸಂದರ್ಭದಲ್ಲಿ ಒಂದು ಮಿತಿಯವರೆಗೆ ಕೊಡುತ್ತವೆ, ಇನ್ನು ಕೆಲವು ಹೆಚ್ಚಿನ ಪ್ರೀಮಿಯಂ ಪಡೆದು ಸೇರಿಸಿಕೊಳ್ಳುತ್ತವೆ. ನಿಮಗೆ ಬೇಕಾದದ್ದು ಈ ಮೂರನೆಯದು, ಅದು ಸಿಗದಿದ್ದರೆ ಎರಡನೆಯದು. ಪ್ರೀಮಿಯಂ ಉಳಿಸಲು ಅರ್ಜಿಯಲ್ಲಿ "ಕಾಯಿಲೆ ಇಲ್ಲ" ಎಂದು ಗುರುತು ಹಾಕಿದವರ ಕಡತಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ತಂದೆಯವರ ಚೀಲದಲ್ಲಿರುವ ರಕ್ತ ತಿಳಿಯಾಗಿಸುವ ಮಾತ್ರೆಯ ಪಟ್ಟಿಯನ್ನು ಕಂಡ ಕೂಡಲೇ ಅಲ್ಲಿನ ವೈದ್ಯರು ಹಳೆಯ ಚಿಕಿತ್ಸೆಯನ್ನು ಕೇಳಿ ಕೇಸ್ ಶೀಟಿನಲ್ಲಿ ಬರೆಯುತ್ತಾರೆ, ಅದೇ ಕಾಗದ ವಿಮಾ ಕಂಪನಿಯ ಮೇಜಿಗೆ ಬರುತ್ತದೆ, ಅಲ್ಲಿಗೆ ಕ್ಲೇಮ್ ಮುಗಿಯಿತು. ಇನ್ನೊಂದು ಮಾತು, ಪಾಲಿಸಿಯನ್ನು ಭಾರತ ಬಿಡುವ ಮೊದಲೇ ತೆಗೆದುಕೊಳ್ಳಬೇಕು.

ಉತ್ತರ 2 (ಮಾಟುಂಗಾ)

ಮೇಲಿನವರ ಮಾತು ಅಕ್ಷರಶಃ ನಿಜ. ಎರಡು ವರ್ಷಗಳ ಹಿಂದೆ ಬ್ಯಾಂಕಾಕ್‌ನಲ್ಲಿ ನನ್ನ ಅತ್ತೆಯವರು ಹೋಟೆಲಿನ ಈಜುಕೊಳದ ಪಕ್ಕದ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದರು. ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯವರು ಮೊದಲು ಕೇಳಿದ್ದು ಮುಂಗಡ ಹಣವನ್ನು. ಪಾಲಿಸಿಯ ಪ್ರತಿ ಹೋಟೆಲಿನ ಸೂಟ್‌ಕೇಸಿನಲ್ಲಿತ್ತು, ಸಹಾಯವಾಣಿಯ ಸಂಖ್ಯೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಯಜಮಾನರು ಟ್ಯಾಕ್ಸಿಯಲ್ಲಿ ಹಿಂದಿರುಗಿ ಅದನ್ನು ತರುವವರೆಗೆ ಅತ್ತೆಯವರು ಊದಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ಆ ನೋಟ ಇನ್ನೂ ನನ್ನ ಕಣ್ಣ ಮುಂದಿದೆ. ಫೋನ್ ಮಾಡಿದ ಮೇಲೆ ಒಂದು ಕೇಸ್ ಸಂಖ್ಯೆ ಕೊಟ್ಟರು, ಸುಮಾರು ಮೂರು ಗಂಟೆಗಳಲ್ಲಿ ಆಸ್ಪತ್ರೆಗೆ ಒಪ್ಪಿಗೆ ಪತ್ರ ಬಂತು. ಡಿಡಕ್ಟಿಬಲ್ (ಬಿಲ್ಲಿನಲ್ಲಿ ನಾವೇ ಭರಿಸಬೇಕಾದ ಪಾಲು) ಎಂದು 100 ಡಾಲರ್ ನಾವು ಕಟ್ಟಿದೆವು, ಶಸ್ತ್ರಚಿಕಿತ್ಸೆಯ ಬಿಲ್ ಕಂಪನಿಯೇ ಭರಿಸಿತು. ಆದ್ದರಿಂದ ಆ ಸಂಖ್ಯೆಯನ್ನು ಎಲ್ಲರ ಮೊಬೈಲಿನಲ್ಲಿ ಇಟ್ಟು, ಒಂದು ಚೀಟಿಯಲ್ಲಿ ಬರೆದು ಹಿರಿಯರ ಜೇಬಿನಲ್ಲಿಯೂ ಇಡಿ.

ನಾವೇ ಕಟ್ಟಿದ ಔಷಧ ಮತ್ತು ತಪಾಸಣೆಯ ಬಿಲ್ಲುಗಳನ್ನು ಮಾತ್ರ ಕಾಗದ ಸಾಲದು ಎಂದು ನಿರಾಕರಿಸಿದರು. ಎರಡು ಬಾರಿ ಬರೆದರೂ ಉತ್ತರ ಬರದಿದ್ದಾಗ ನಾವು ಕೈಬಿಟ್ಟೆವು.

ಉತ್ತರ 3 (ಪುಣೆ, ಕೋಥ್ರೂಡ್)

ಅಕ್ಕಾ, ಅಂಥದ್ದನ್ನು ಕೈಬಿಡಬಾರದಿತ್ತು. ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ) ಬಳಿ ಹೋಗಬಹುದು. ಮುಂಬೈಯಲ್ಲೂ ಪುಣೆಯಲ್ಲೂ ಕಚೇರಿಗಳಿವೆ, ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದರೆ ಆ ಉತ್ತರ ಬಂದ ಅಥವಾ ಆ ಒಂದು ತಿಂಗಳು ಮುಗಿದ ಮೇಲೆ ಒಂದು ವರ್ಷದ ಅವಧಿಯೊಳಗೆ ಹೋಗಬೇಕು.

ಉತ್ತರ 4 (ಗೋವಾ, ವಾಸ್ಕೊ)

ಲಗೇಜ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪೆಟ್ಟಿಗೆ ಬಾರದಿದ್ದರೆ ವಿಮಾನ ನಿಲ್ದಾಣದಿಂದ ಹೊರಬೀಳುವ ಮೊದಲೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಪಿಐಆರ್ ಎಂಬ ವರದಿಯನ್ನು ಬರೆಸಿ ಪ್ರತಿ ಪಡೆಯಿರಿ. ಆ ಕಾಗದವಿಲ್ಲದೆ ಕ್ಲೇಮ್ ಮಂಜೂರಾಗುವುದು ಕಷ್ಟ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರಿನ ಪ್ರತಿಯೂ ಹಾಗೆಯೇ ಬೇಕು. ಇನ್ನು ಊರಿಗೆ ರೈಲಿನಲ್ಲಿ ಹೋಗುವಾಗ ಐಆರ್‌ಸಿಟಿಸಿ ಟಿಕೆಟ್ಟಿನೊಂದಿಗೆ ತಲೆಗೆ 45 ಪೈಸೆಗೆ ಸಿಗುವ ವಿಮೆಯನ್ನೂ ಬಿಡಬೇಡಿ. ಅಪಘಾತದಲ್ಲಿ ಸಾವಾದರೆ 10 ಲಕ್ಷ ರೂಪಾಯಿ, ಆಸ್ಪತ್ರೆ ವೆಚ್ಚಕ್ಕೆ 2 ಲಕ್ಷದವರೆಗೆ ಅದರಲ್ಲಿ ಸಿಗುತ್ತದೆ. ಬುಕಿಂಗ್ ಆದ ಮೇಲೆ ಬರುವ ಲಿಂಕಿನಲ್ಲಿ ನಾಮಿನಿಯ ಹೆಸರು ತುಂಬುವುದನ್ನು ಬಹಳ ಮಂದಿ ಮರೆಯುತ್ತಾರೆ.

ಪ್ರಶ್ನೆ ಕೇಳಿದವರಿಂದ (ಡೊಂಬಿವಲಿ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ಏಜೆಂಟರಿಂದ ಶೆಡ್ಯೂಲ್ ತರಿಸಿಕೊಂಡೆವು. ಮೊದಲೇ ಇದ್ದ ಕಾಯಿಲೆ ಎಂಬಲ್ಲಿ ಆರು ಮಂದಿಗೂ "ಇಲ್ಲ" ಎಂದೇ ಇದೆ. ಅರ್ಜಿಯನ್ನು ಅವರೇ ತುಂಬಿದ್ದರಂತೆ, ನಮ್ಮನ್ನು ಕೇಳಿರಲಿಲ್ಲ. ತಂದೆ ತಾಯಿಗೆ ಬೇರೆ ಪಾಲಿಸಿ ತೆಗೆದುಕೊಳ್ಳಲು ನಿರ್ಧರಿಸಿದ್ದೇವೆ. ಅರ್ಜಿಯೊಂದಿಗೆ ಕಳುಹಿಸಲು ತಂದೆಯವರ ಆಂಜಿಯೋಪ್ಲಾಸ್ಟಿಯ ಡಿಸ್ಚಾರ್ಜ್ ಕಾಗದವನ್ನು ತಾಯಿ ಕಪಾಟಿನಿಂದ ಹುಡುಕಿ ತೆಗೆದಿದ್ದಾರೆ.